‘ಕಾಮನ್ ರೀ’ ಅಂದ್ರ ಮುಗೀತೇನು?

ನಮ್ಮ ಅಡಿಗಿ ಮನ್ಯಾಗ ಫ್ರಿಜ್ಜಿನ ಬಾಜೂಕ ಒಂದು ಕ್ಯಾಲೆಂಡರ್ ಐತಿ. ಹಬ್ಬ-ಹುಣ್ಣಿವಿ ನೋಡಾಕ ಅತ್ತಿಯವರು, ಹಾಲಿನ ಲೆಕ್ಕ ಬರಿಯಾಕ ನಾನು, ಗ್ಯಾಸ್ ಬಂದ ತಾರೀಖು ಬರಿಯಾಕ ನಮ್ಮ ಮನಿಯವರು, ಹಿಂಗ ಮೂರೂ ಮಂದಿ ಅದರ ಮ್ಯಾಲೆ ಗೀಚತೇವಿ. ಹೋದ ವರ್ಷ ಶ್ರಾವಣದಾಗ ಒಂದಿನ ನಮ್ಮ ಮನಿಯವರು ಚಹಾ ಕುಡ್ಕೋತ ಅದರ ಮುಂದ ನಿಂತು, “ಅಲ್ಲ, ಈ ಕೆಂಪು ಚುಕ್ಕಿ ಏನಿವು? ಹಾಲಿನವ ಇಷ್ಟು ದಿವಸ ಬಂದೇ ಇಲ್ಲೇನು?” ಅಂತ ಕೇಳಿದ್ರು.

ಹಾಲಿನವ ದಿನಾ ಬಂದಿದ್ದ. ಚುಕ್ಕಿ ನನ್ನವು. ಅವತ್ತಿಗೆ ಹತ್ತೊಂಬತ್ತು ಆಗಿದ್ದವು. ಕಡೀಗೆ ಅವು ನಲವತ್ತೊಂದಕ್ಕ ಹೋಗಿ ನಿಂತವು. ನಾಗರ ಪಂಚಮಿಗೆ ಶುರು ಆದದ್ದು ಗಣಪ್ಪನ್ನ ಕಳಿಸಿ ಮನಿಗೆ ಬಂದ ಮ್ಯಾಲೂ ನಿಂತಿರಲಿಲ್ಲ.

ಇದನ್ನ ಇಲ್ಲಿ ಬರೀಬೇಕೋ ಬ್ಯಾಡೋ ಅಂತ ನಾನೂ ಒಂದು ವಾರ ವಿಚಾರ ಮಾಡಿದೆ. ಉಪ್ಪಿನಕಾಯಿ, ಚಟ್ನಿಪುಡಿ, ಅತ್ತಿ-ಸೊಸಿ ಜಗಳ ಎಲ್ಲಾ ಬರಿಯೋ ಜಾಗಾದಾಗ ಇದೇನು ಅಂತ ನೀವು ಅನಬಹುದು. ಆದ್ರ ನೀವ ಹೇಳ್ರಿ, ಮನ್ಯಾಗ ನಡಿಯೋದೆಲ್ಲಾ ಬರಿಯೋದು ಅಂದ ಮ್ಯಾಲೆ, ಬಚ್ಚಲಮನ್ಯಾಗ ಒಬ್ಬಾಕಿ ಒಂದೂವರಿ ತಿಂಗಳು ಯಾರಿಗೂ ಕಾಣದಂಗ ಅರಬಿ ಒಕ್ಕೊಂಡದ್ದು ಮನಿ ಸುದ್ದಿ ಅಲ್ಲೇನು?

ಆದದ್ದು ಇಷ್ಟು. ಎರಡನೇ ಕೂಸು ಹುಟ್ಟಿ ಮೂರು ತಿಂಗಳಾಗಿತ್ತು. ಇನ್ನೊಂದು ಸದ್ಯಕ್ಕ ಬ್ಯಾಡ ಅನ್ನೋದು ಇಬ್ಬರಿಗೂ ಗೊತ್ತಿತ್ತು. ಆಪರೇಶನ್ ಮಾಡಿಸ್ಕೊಳ್ಳಾಕ ನನ್ನ ಮನಸ್ಸು ಇನ್ನೂ ಒಪ್ಪಿರಲಿಲ್ಲ. ದಿನಾ ಗುಳಿಗಿ ನುಂಗೋದು ಅಂದ್ರ ನನ್ನಂಥ ಮರಗುಳಿಗೆ ಆಗಿ ಬರೋದಲ್ಲ. ಮೂರು ತಿಂಗಳಿಗೊಮ್ಮೆ ಕೊಡೋ ಸೂಜಿ ಐತಿ, ಕೂಸಿಗೆ ಹಾಲು ಕುಡಿಸಾಕೂ ತೊಂದ್ರಿ ಇಲ್ಲ ಅಂದ್ರು. ಹೋದೆ, ಮಾಡಿಸ್ಕೊಂಡು ಬಂದೆ. 2017ರಿಂದ ಸರಕಾರಿ ದವಾಖಾನಿಗಳೊಳಗ ‘ಅಂತರಾ’ ಅನ್ನೋ ಹೆಸರಿನಾಗ ಪುಕ್ಕಟೆ ಕೊಡೋ ಸೂಜಿ ಇದ. ಒಂದು ಕಾರ್ಡಿನ ಮ್ಯಾಲೆ ಮುಂದಿನ ತಾರೀಖು ಬರದು ಕೈಯಾಗ ಕೊಟ್ರು. “ತಪ್ಪಿಸಬ್ಯಾಡ್ರಿ” ಅಂದ್ರು. ಎಲ್ಲಾ ಸೇರಿ ಒಂದು ನಿಮಿಷದ ಮಾತು.

ಆ ಒಂದು ನಿಮಿಷದಾಗ ಒಂದು ವಾಕ್ಯ ಬಿಟ್ಟು ಹೋಗಿತ್ತು. “ಮೊದಲ ಕೆಲವು ತಿಂಗಳು ಮುಟ್ಟು ಹಾದಿ ತಪ್ಪತೈತಿ. ಯಾವಾಗ ಬೇಕಾದ್ರ ಕಾಣಸ್ತೈತಿ, ಭಾಳ ದಿವಸ ನಡೀಬಹುದು, ಆಮ್ಯಾಲೆ ಪೂರ್ತಿ ನಿಂತೂ ಬಿಡಬಹುದು.” ಇಷ್ಟ. ಇದನ್ನ ಹೇಳಾಕ ಹತ್ತು ಸೆಕೆಂಡ್ ಸಾಕು. ಅದನ್ನ ಹೇಳದ ಇದ್ದದ್ದಕ್ಕ ನಾನು ನಲವತ್ತೊಂದು ದಿವಸ ದಂಡ ಕಟ್ಟೀನಿ.

ಇಪ್ಪತ್ತನೇ ದಿವಸ ಹೆದರಿಕಿ ಆಗಿ ಸೂಜಿ ಮಾಡಿದಲ್ಲೇ ಕೇಳಾಕ ಹೋದೆ. ಕೂಸಿನ್ನ ಬಗಲಾಗ ಇಟ್ಕೊಂಡು ಒಂದೂವರಿ ತಾಸು ಪಾಳಿ ಹಚ್ಚಿದೆ. ನನ್ನ ಪಾಳಿ ಬಂದಾಗ ಸಿಕ್ಕ ಉತ್ತರ, “ಕಾಮನ್ ರೀ. ಎಲ್ಲಾರಿಗೂ ಹಂಗ ಆಗತೈತಿ. ಮುಂದಿನವರು ಬರ್ರಿ.”

ಈ ‘ಕಾಮನ್ ರೀ’ ಮ್ಯಾಲೆ ನನ್ನ ಜಗಳ.

ಸುಳ್ಳು ಅಂತ ಅಲ್ಲ. ಖರೇನ ಅದು. ಆಮ್ಯಾಲೆ ಬ್ಯಾರೆ ಡಾಕ್ಟರ್ ಬಾಯಿಯವರು ಕುಂದ್ರಿಸಿಕೊಂಡು ತಿಳಿಸಿ ಹೇಳಿದಾಗ ನನಗ ಗೊತ್ತಾತು. ಈ ಸೂಜಿಯೊಳಗಿನ ಹಾರ್ಮೋನು ಗರ್ಭಚೀಲದ ಒಳಗಿನ ಪದರನ್ನ ತೆಳ್ಳಗ ಮಾಡತೈತಿ. ನಮ್ಮ ಹಳ್ಳಿ ಮನಿ ನೆಲಾ ಸಾರಸ್ತಿದ್ರಲ್ಲ, ಹಂಗ ತಿಳ್ಕೋರಿ. ಪದರ ದಪ್ಪ ಇದ್ರ ಒಮ್ಮೆಲೆ ಹಪ್ಪಳಿಕಿ ಎದ್ದು ಬರತೈತಿ, ಅದು ತಿಂಗಳ ಮುಟ್ಟು. ತೆಳ್ಳಗ ಇದ್ರ ಇವತ್ತು ಈ ಮೂಲ್ಯಾಗ ಇಷ್ಟು, ನಾಳೆ ಆ ಮೂಲ್ಯಾಗ ಇಷ್ಟು ಕಿತ್ತು ಬರತೈತಿ. ಒಳಗಿನ ಸಣ್ಣ ಸಣ್ಣ ರಕ್ತನಾಳ ನಾಜೂಕ ಆಗಿರತಾವ, ಅಲ್ಲಲ್ಲಿ ಒಸರತಾವ. ಹಂಗಂತ ಸೂಜಿ ಕೆಲಸಾ ಮಾಡಾಕತ್ತಿಲ್ಲ ಅಂತಲ್ಲ. ಗರ್ಭ ನಿಲ್ಲದಂಗ ಅದು ತನ್ನ ಕೆಲಸಾ ಮಾಡತಾನ ಇರತೈತಿ. ಒಂದು ವರ್ಷ ಬಿಡದ ತಗೊಂಡವರೊಳಗ ಹತ್ತಿರ ಹತ್ತಿರ ಅರ್ಧ ಮಂದಿಗೆ ಮುಟ್ಟು ನಿಂತ ಬಿಡತೈತಿ, ಅದರಿಂದಾನೂ ಅಪಾಯ ಇಲ್ಲ. ಸೂಜಿ ಬಿಟ್ಟ ಮ್ಯಾಲೆ ಮುಟ್ಟು ತಿರುಗಿ ಬರತೈತಿ, ಮಕ್ಕಳೂ ಆಗತಾವ, ಬಸರಾಗಾಕ ಸ್ವಲ್ಪ ತಡಾ ಆಗತೈತಿ ಅಷ್ಟ.

ಹಂಗಾದ್ರ ಕಾಮನ್ ಅಂದದ್ದು ತಪ್ಪೇನು? ತಪ್ಪು. ಯಾಕಂದ್ರ ಅದು ಮಾತು ಶುರು ಮಾಡೋ ಶಬ್ದ ಆಗಬೇಕಿತ್ತು, ಇಲ್ಲಿ ಬಾಗಲಾ ಹಾಕೋ ಶಬ್ದ ಆತು. ನೆಗಡಿ ಕಾಮನ್, ಹಂಗಂತ ಉಸಿರು ಕಟ್ಟಿದವರಿಗೆ ‘ಕಾಮನ್ ರೀ’ ಅಂತಾರೇನು? ಕಾಮನ್ ಅನ್ನೂಕಿಂತ ಮೊದಲ ಕೇಳಬೇಕಾದ ನಾಕು ಪ್ರಶ್ನಿ ಅದಾವ. ಎಷ್ಟು ದಿವಸ ಆತು? ಎಷ್ಟು ಹೋಗಾಕತ್ತೈತಿ? ತಲಿ ತಿರಗತೈತೇನು, ಹೊಟ್ಟಿ ನೋವು ಐತೇನು? ಬ್ಯಾರೆ ಯಾವ ಗುಳಿಗಿ ನುಂಗಾಕತ್ತೀರಿ? ನನ್ನನ್ನ ಒಂದೂ ಕೇಳಲಿಲ್ಲ. ಎರಡನೇ ಡಾಕ್ಟರ್ ಬಾಯಿ ನಾಕೂ ಕೇಳಿದ್ರು. ಬಸರು ಅಲ್ಲ ಅಂತ ಖಾತ್ರಿ ಮಾಡ್ಕೊಂಡ್ರು, ಸೋಂಕು-ಗೀಂಕು ಐತೇನು ನೋಡಿದ್ರು, ರಕ್ತ ತಪಾಸ ಮಾಡಿಸಿದ್ರು. ಹಿಮೋಗ್ಲೋಬಿನ್ 9.6 ಬಂತು. ಬಸರು ಇಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮಿ ಇದ್ರ ರಕ್ತಹೀನತಿ ಅಂತಾರ. ಹೆರಿಗಿ ಆದಾಗಿಂದನ ಕಡಿಮಿ ಇತ್ತು, ಅದರ ಮ್ಯಾಲೆ ಇದು. ಮ್ಯಾಲಿನ ಮನಿ ಮೆಟ್ಟಲಾ ಏರಿದ್ರ ನನಗ ಯಾಕ ತೇಕು ಬರತಿತ್ತು ಅನ್ನೋದಕ್ಕ ಅವತ್ತ ಉತ್ತರ ಸಿಕ್ತು. ಅಲ್ಲೀ ತನಕ ಅದಕ್ಕ ಮನ್ಯಾಗ ಇದ್ದ ಹೆಸರು ‘ಮೈಗಳ್ಳತನ’.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಣ್ಣಮಕ್ಕಳೊಳಗ ನೂರಕ್ಕ 57 ಮಂದಿಗೆ ರಕ್ತಹೀನತಿ. ಅಂದ್ರ ಆ ಪಾಳ್ಯಾಗ ನನ್ನ ಹಿಂದ-ಮುಂದ ಕುಂತಿದ್ದ ಹೆಂಗಸರೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಖಾಲಿ ಇದ್ದವರು. ಖಾಲಿ ಕೊಡದಿಂದ ದಿನಾ ಒಂದು ವಾಟಗಾ ಚೆಲ್ಲಿದ್ರ ಅದನ್ನ ಕಾಮನ್ ಅಂತ ಬಿಡಬೇಕೋ, ಕೊಡದಾಗ ಎಷ್ಟೈತಿ ಅಂತ ಬಗ್ಗಿ ನೋಡಬೇಕೋ?

ಇದಕ್ಕ ಔಷಧ ಇಲ್ಲ ಅಂತಾನೂ ಇಲ್ರಿ. ನನಗ ಐದು ದಿವಸಕ್ಕ ಒಂದು ಗುಳಿಗಿ ಬರಕೊಟ್ರು, ಮುಟ್ಟಿನ ಹೊಟ್ಟಿ ನೋವಿಗೆ ಕೊಡತಾರಲ್ಲ ಆ ಜಾತೀದು. ರಕ್ತ ಹೋಗೋದು ಅದರಿಂದ ಕಡಿಮಿ ಆಗತೈತಂತ. ಜೋಡಿಗೆ ಕಬ್ಬಿಣದ ಗುಳಿಗಿ. ಇನ್ನೊಂದು ಹಾರ್ಮೋನಿನ ಗುಳಿಗಿ ಐತಿ, ಆದ್ರ ನಿಮ್ಮ ಕೂಸು ಸಣ್ಣದು, ಹಾಲು ಕುಡಿಯಾಕತ್ತೈತಿ, ಈಗ ಬ್ಯಾಡ ಅಂದ್ರು. ಐದು ದಿವಸಕ್ಕ ಕಡಿಮಿ ಆತು, ಒಂದು ವಾರ ಬಿಟ್ಟು ಮತ್ತ ಸ್ವಲ್ಪ ಕಾಣಸ್ತು, ಆಮ್ಯಾಲೆ ನಿಂತ್ತು. ಜಾದೂ ಏನಲ್ಲ. ಆದ್ರ ಒಬ್ಬರು ನನ್ನ ಮಾತು ಪೂರಾ ಕೇಳಿದ್ರಲ್ಲ, ಅವತ್ತು ರಾತ್ರಿ ನಾನು ಎಷ್ಟೋ ದಿವಸದ ಮ್ಯಾಲೆ ನಿದ್ದಿ ಮಾಡಿದೆ. ಇಂಥಾ ಗುಳಿಗಿನ್ನ ನೀವು ನೀವ ಅಂಗಡ್ಯಾಗ ಕೇಳಿ ತಗೋಬ್ಯಾಡ್ರಿ, ಯಾರಿಗೆ ಯಾವುದು ಅನ್ನೋದು ಅವರವರ ಮೈ ನೋಡಿ ಹೇಳೋದು.

ಇನ್ನ ಮನಿ ಕಡೆ ಬರೋಣು. ದವಾಖಾನ್ಯಾಗ ‘ಕಾಮನ್’ ಅಂತ ಬಾಗಲಾ ಹಾಕಿದ್ರು, ಮನ್ಯಾಗ ‘ಹೊರಗ’ ಅಂತ ಹಾಕಿದ್ರು.

ನಮ್ಮದು ಲಿಂಗಾಯತರ ಮನಿ. ಜನನ, ಮರಣ, ಮುಟ್ಟು, ಎಂಜಲು, ಜಾತಿ ಈ ಐದು ಸೂತಕ ನಮಗಿಲ್ಲ ಅಂತ ಹನ್ನೆರಡನೇ ಶತಮಾನದಾಗ ಶರಣರು ಹೇಳಿ ಹೋಗ್ಯಾರ. ಬಸವ ಜಯಂತಿಗೆ ನಮ್ಮ ಓಣ್ಯಾಗ ಭಾಷಣ ಮಾಡವರು ಪ್ರತಿ ವರ್ಷ ಅದನ್ನ ಹೇಳತಾರ, ನಮ್ಮ ಮಾವನವರು ಮುಂದಿನ ಸಾಲಿನ್ಯಾಗ ಕುಂತು ಚಪ್ಪಾಳಿ ಹೊಡೀತಾರ. ಮನಿಗೆ ಬಂದ್ರ ಮುಟ್ಟಾದಾಕಿ ಜಗಲಿ ಕಡೆ ಹೋಗಂಗಿಲ್ಲ, ಉಪ್ಪಿನಕಾಯಿ ಭರಣಿ ಮುಟ್ಟಂಗಿಲ್ಲ, ಹಬ್ಬದ ಹೂರಣಕ್ಕ ಕೈ ಹಚ್ಚಂಗಿಲ್ಲ. ಕೊರಳಾಗಿನ ಲಿಂಗ ಮಾತ್ರ ಆ ದಿವಸಾನೂ ಕೊರಳಾಗ ಇರತೈತಿ! ಅಲ್ರಿ, ಮೈ ಮ್ಯಾಲೆ ಇರೋ ದೇವರಿಗೆ ಆಗದ ಮೈಲಿಗಿ ಗೂಡಿನ್ಯಾಗಿನ ದೇವರಿಗೆ ಹೆಂಗ ಆಗತೈತಿ? ಇದನ್ನ ನಾ ಕೇಳಿದ್ರ ಅತ್ತಿಯವರು, “ನಡಕೊಂಡು ಬಂದದ್ದು ಯವ್ವಾ, ನನ್ನೇನ ಕೇಳತಿ” ಅಂತಾರ.

ನಾಕು ದಿವಸದ ಮಾತಾಗಿದ್ರ ನಾನೂ ಸುಮ್ಮನ ಇರತಿದ್ದೆ, ಇಷ್ಟು ವರ್ಷ ಇದ್ದಂಗ. ಆದ್ರ ಈ ನಿಯಮ ಮಾಡಿದವರ ಲೆಕ್ಕದಾಗ ಮುಟ್ಟು ಅಂದ್ರ ನಾಕು ದಿವಸ. ನಲವತ್ತೊಂದು ದಿವಸ ಅವರ ಲೆಕ್ಕದಾಗ ಇರಲಿಲ್ಲ. ಪಂಚಮಿ ಉಂಡಿ ಕಟ್ಟಾಕ ನಾ ಇಲ್ಲ. ನಾಕು ಶ್ರಾವಣ ಸೋಮವಾರಕ್ಕ ನಾ ಇಲ್ಲ. ಗಣಪ್ಪ ಬಂದಾಗ ನನ್ನ ದೊಡ್ಡ ಮಗಳು ಪಡಸಾಲಿ ತುಂಬ ಕುಣ್ಯಾಕತ್ತಿದ್ಲು, ನಾ ನಡುಮನಿ ಹೊಸ್ತಲದಾಚೆ ನಿಂತು ನೋಡಿದೆ. ಆರು ವರ್ಷದ ಕೂಸು, “ಅವ್ವಾ, ನೀ ಯಾಕ ಬರವಲ್ಲಿ? ಗಣಪ್ಪ ನಿನ್ನ ಮ್ಯಾಲೆ ಸಿಟ್ಟಾಗ್ಯಾನ?” ಅಂತ ಕೇಳ್ತು. ಆ ಪ್ರಶ್ನಿಗೆ ಯಾವ ಡಾಕ್ಟರ್ ಗುಳಿಗಿ ಕೊಡತಾರ ಹೇಳ್ರಿ.

ಮತ್ತ ಇದರಾಗಿನ ಮಜಾ ನೋಡ್ರಿ. ಇದೇ ನಲವತ್ತೊಂದು ದಿವಸಾನೂ ರೊಟ್ಟಿ ಬಡದಾಕಿ ನಾನ. ಪಲ್ಯಾ ಮಾಡಿದಾಕಿ, ಅರಬಿ ಒಗದಾಕಿ, ಭಾಂಡೆ ತೊಳದಾಕಿ ನಾನ. ಜ್ವಾಳದ ರೊಟ್ಟಿಗೆ ಆಗದ ಮೈಲಿಗಿ ಹೋಳಿಗಿ ಹೂರಣಕ್ಕ ಆಗತೈತಿ. ಕೆಲಸಾ ಮಾಡಿಸ್ಕೊಳ್ಳಾಕ ಶುದ್ಧ, ಖುಷಿ ಪಡಾಕ ಅಶುದ್ಧ. ಇದು ಧರ್ಮ ಅಲ್ಲ, ಅನುಕೂಲ. ಅನುಕೂಲ ಅಂದ್ರ ಬದಲಾ ಮಾಡಾಕ ಬರತೈತಿ.

ಇನ್ನೊಂದು ಹೇಳತೀನಿ. ಸೂಜಿ ಮಾಡಿಸ್ಕೊಂಡದ್ದಕ್ಕ ಅತ್ತಿಯವರು ಅಂದ ಮಾತು, “ಆ ಹಾರ್ಮೋನು-ಗೀರ್ಮೋನು ಮೈಯಾಗ ಹಾಕ್ಕೊಂಡ್ರ ಇನ್ನೇನಾಗತೈತಿ?” ಅಂತ. ಹೌದಲ್ರಿ. ಆದ್ರ ಮೂರು ವರ್ಷದ ಹಿಂದ ಮೈದುನನ ಲಗ್ನದಾಗ, ನನ್ನ ತಾರೀಖು ದೇವರ ಕಾರ್ಯದ ದಿವಸಕ್ಕ ಬರತೈತಿ ಅಂತ, ‘ಮುಂದ ಹಾಕೋ ಗುಳಿಗಿ’ ತಂದು ಕೈಯಾಗ ಕೊಟ್ಟವರೂ ಇವರ. ಅದೂ ಹಾರ್ಮೋನ. ಈ ಸೂಜಿಯೊಳಗಿನದ್ದರ ಕುಲದ್ದ. ಡಾಕ್ಟರ್ ಚೀಟಿ ಇಲ್ಲದ, ಬಿಪಿ ನೋಡದ, ನನಗ ಕೇಳದ. ಲಗ್ನಕ್ಕ, ಗೃಹಪ್ರವೇಶಕ್ಕ, ಸತ್ಯನಾರಾಯಣ ಪೂಜಿಗೆ, ಜಾತ್ರಿಗೆ ನಮ್ಮ ಮನಿಗಳೊಳಗ ಎಷ್ಟು ಹೆಣ್ಣಮಕ್ಕಳು ಹಿಂಗ ಗುಳಿಗಿ ನುಂಗತಾರ ಅನ್ನೋದು ಔಷಧ ಅಂಗಡಿಯವರಿಗೆ ಗೊತ್ತು. ಪೂಜಿ ಸಲುವಾಗಿ ನುಂಗಿದ್ರ ಹಾರ್ಮೋನು ತೀರ್ಥ, ನನ್ನ ಮೈ ಸಲುವಾಗಿ ತಗೊಂಡ್ರ ವಿಷ. ಹಿಂಗ್ಯಾಕ?

ಎರಡನೇ ಸೂಜಿ ಆದ ಮ್ಯಾಲೆ ಕಾಣಸೋದು ಅಲ್ಲೊಂದು ಇಲ್ಲೊಂದು ದಿವಸಕ್ಕ ಇಳೀತು. ಮೂರನೇದಕ್ಕ ಪೂರಾ ನಿಂತ್ತು. ಈಗರೆ ಮನಿ ತಣ್ಣಗಾತೇನು? ಇಲ್ಲ. “ತಿಂಗಳಾ ತಿಂಗಳಾ ಹೋಗೋ ಕೆಟ್ಟ ರಕ್ತ ಒಳಗ ಕೂಡತೈತಿ, ನಾಳೆ ಗಡ್ಡಿ ಆಗತೈತಿ” ಅಂತ ಹೊಸಾ ಚಿಂತಿ. ರಕ್ತ ಹೋದ್ರ ಅಶುದ್ಧ, ಹೋಗದಿದ್ರ ವಿಷ. ನಾ ಡಾಕ್ಟರ್ ಬಾಯಿಯವರು ಹೇಳಿದ್ದನ್ನ ಅತ್ತಿಗೆ ಹೇಳಿದೆ. “ಇಲ್ರಿ ಅತ್ತಿ, ಕೂಡಾಕ ಅಲ್ಲೇನೂ ಇರೂದ ಇಲ್ಲ. ಪದರನ ತೆಳ್ಳಗಾಗಿರತೈತಿ. ಸಾರಸದ ಇದ್ದ ನೆಲದಿಂದ ಹಪ್ಪಳಿಕಿ ಎಲ್ಲಿಂದ ಏಳಬೇಕು?” ಅಂದೆ. ಸಾರಿಸಿ ಸಾರಿಸಿ ಮೊಣಕಾಲು ಸವಿಸಿದಾಕಿ ಅವರು. ಆ ಮಾತು ಅವರಿಗೆ ತಿಳೀತು. “ಹಂಗೇನು?” ಅಂದು ಸ್ವಲ್ಪ ಹೊತ್ತು ಸುಮ್ಮನ ಕುಂತ್ರು. ಆಮ್ಯಾಲೆ ಅಂದ್ರು, “ನಮಗ ಯಾರೂ ಹೇಳೇ ಇಲ್ಲವಾ.”

ಅಲ್ಲಿಗೆ ನನ್ನ ಸಿಟ್ಟು ಅತ್ತಿ ಮ್ಯಾಲಿಂದ ಇಳೀತು. ಅವರಿಗೂ ಯಾರೂ ಹೇಳಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ನಮ್ಮಿಬ್ಬರ ನಡುವ ಜಗಳಾ ಹಚ್ಚಿದ್ದು ಆ ಹೇಳದ ಉಳದ ಹತ್ತು ಸೆಕೆಂಡಿನ ಮಾತು.

ಇದರಿಂದ ಏನು ಹಾನಿ ಆಗತೈತಿ ಅಂತ ಕೇಳವರಿಗೆ ನನ್ನ ನಾದಿನಿ ಸುದ್ದಿ ಹೇಳತೀನಿ, ಆಕಿನ್ನ ಕೇಳೇ ಬರಿಯಾಕತ್ತೀನಿ. ಪಂಚಮಿಗೆ ತವರಮನಿಗೆ ಬಂದಾಕಿ ರಾತ್ರಿ ನನ್ನ ಬಾಜೂಕ ಮಲಕೊಂಡು, “ವೈನಿ, ನಿಮಗೂ ಹಿಂಗ ಆತಾ?” ಅಂದ್ಲು. ಎರಡು ವರ್ಷದ ಹಿಂದ ಆಕಿನೂ ಇದೇ ಸೂಜಿ ತಗೊಂಡಿದ್ಲಂತ. ಹಿಂಗ ತಿಂಗಳಗಟ್ಟಲೆ ಕಾಣಸಾಕತ್ತಿತ್ತಂತ. ಆಕಿ ಅತ್ತಿಮನ್ಯಾಗ ನಮ್ಮ ಮನಿಕಿಂತ ಮಡಿ ಹೆಚ್ಚು. ಯಾರಿಗೂ ಹೇಳಲಿಲ್ಲ, ದವಾಖಾನಿಗೆ ಮತ್ತ ಹೋಗಲಿಲ್ಲ, ಎರಡನೇ ಸೂಜಿ ತಾರೀಖು ಬಿಟ್ಟ ಬಿಟ್ಲು. ಬದಲಿಗೆ ಏನೂ ತಗೊಳ್ಳಲಿಲ್ಲ, ಕೂಸು ಇನ್ನೂ ಹಾಲು ಕುಡೀತೈತಲ್ಲ, ಏನಾಗೂದಿಲ್ಲ ಅನ್ನೋ ಧೈರ್ಯದ ಮ್ಯಾಲೆ. ಆ ಧೈರ್ಯ ನಡಿಯೋದು ಹೆರಿಗಿ ಆದ ಆರು ತಿಂಗಳ ಒಳಗ, ಕೂಸಿಗೆ ಬರೇ ಎದಿಹಾಲು ಕೊಡಾಕತ್ತಿದ್ರ, ಮುಟ್ಟು ಇನ್ನೂ ತಿರುಗಿ ಬಂದಿರದಿದ್ರ ಅಷ್ಟ. ಆಕಿ ಕೂಸಿಗೆ ಹತ್ತು ತಿಂಗಳಾಗಿತ್ತು. ಮೂರನೇದು ನಿಂತ್ತು. ಹೆತ್ಲು, ಬೆಳಸಾಕತ್ಯಾಳ, ಕೂಸು ಮುದ್ದಾಗೇತಿ. ಆದ್ರ ಹೊಲಿಗಿ ಕ್ಲಾಸಿಗೆ ಕಟ್ಟಿದ್ದ ರೊಕ್ಕಾ ಹೋತು, ಹಲ್ಲು ಸಡಲಾದವು, ಇಪ್ಪತ್ತೇಳಕ್ಕ ನಲವತ್ತರಂಗ ಕಾಣತಾಳ. ಆ ರಾತ್ರಿ ಆಕಿ ಅಂದದ್ದು, “ಅದು ನಿಂದರತೈತಿ ಅಂತ ಒಬ್ಬರು ಹೇಳಿದ್ರ ನಾ ತಡಕೊಂಡಿರತಿದ್ದೆ ವೈನಿ.”

ಕೆಲವರು ಅಂತಾರ, ಮೊದಲ ಎಲ್ಲಾ ಹೇಳಿದ್ರ ಹೆಣ್ಣಮಕ್ಕಳು ಹೆದರಿ ತಗೊಳ್ಳೂದ ಇಲ್ಲ ಅಂತ. ಇದು ನಮ್ಮನ್ನ ಸಣ್ಣ ಹುಡುಗರಂಗ ನೋಡೋ ಮಾತು. ಎರಡು ಹೆರಿಗಿ ನೋವು ತಿಂದಾಕಿ ರಕ್ತದ ಸುದ್ದಿ ಕೇಳಿ ಹೆದರತಾಳೇನು? ಹೆದರಿಸೋದು ಗೊತ್ತಿಲ್ಲದ ರಕ್ತ, ಗೊತ್ತಿದ್ದದ್ದಲ್ಲ. ಚೀನಾದಾಗ ಒಮ್ಮೆ, ಮೆಕ್ಸಿಕೋದಾಗ ಒಮ್ಮೆ ಇದೇ ಸೂಜಿ ಮ್ಯಾಲೆ ಅಧ್ಯಯನ ಮಾಡ್ಯಾರ. ಹಿಂಗಿಂಗ ಆಗತೈತಿ ಅಂತ ಮೊದಲ ಸವಕಾಶ ತಿಳಿಸಿ ಹೇಳಿಸ್ಕೊಂಡ ಹೆಂಗಸರೊಳಗ ನಡುವ ಬಿಟ್ಟವರು ಕಡಿಮಿ, ಹೇಳಿಸ್ಕೊಳ್ಳದವರೊಳಗ ಹೆಚ್ಚು. ಮುಚ್ಚಿಟ್ಟು ಒಂದು ಸೂಜಿ ಕೊಡಬಹುದು. ಎರಡನೇದಕ್ಕ ಆಕಿ ಬರಬೇಕಂದ್ರ ಹೇಳೇ ಕೊಡಬೇಕು. ಅದರಾಗೂ ಗುಳಿಗಿ ಆದ್ರ ಬಿಡಬಹುದು, ತೋಳಿನ್ಯಾಗ ಇಡೋ ಕಡ್ಡಿ ಆದ್ರ ತಗಸಬಹುದು. ಸೂಜಿ ಒಮ್ಮೆ ಮೈಯಾಗ ಹೋದ್ರ ಮೂರು ತಿಂಗಳು ಹೊರಗ ತಗಿಯಾಕ ಬರೂದಿಲ್ಲ. ತಿರುಗಿ ತಗಿಯಾಕ ಬಾರದ್ದನ್ನ ಕೊಡೂ ಮುಂದ ಮಾತು ಉದ್ದ ಇರಬೇಕೋ, ಗಿಡ್ಡ ಇರಬೇಕೋ?

ಇನ್ನ ಕೆಲವರು, ವಿಶೇಷ ಗಂಡಸರು, ಅಂತಾರ, “ಇಷ್ಟೆಲ್ಲಾ ತ್ರಾಸ ಯಾಕ? ಆಪರೇಶನ್ ಮಾಡಿಸ್ಕೊಂಡ್ ಬಿಡ್ರಿ.” ಬಿಡ್ರಿ ಅನ್ನೋದು ಯಾವಾಗ್ಲೂ ನಮಗ. ಅದೇ ಸಮೀಕ್ಷೆಯೊಳಗ ಇನ್ನೊಂದು ಲೆಕ್ಕ ಐತಿ. ದೇಶದಾಗ ಲಗ್ನ ಆದ ಹೆಂಗಸರೊಳಗ ನೂರಕ್ಕ 37.9 ಮಂದಿ ಆಪರೇಶನ್ ಮಾಡಿಸ್ಕೊಂಡಾರ. ಗಂಡ ಮಾಡಿಸ್ಕೊಂಡದ್ದು? ನೂರಕ್ಕ 0.3. ಗಂಡಸರದು ಹೊಟ್ಟಿ ಕೊಯ್ಯೋದಲ್ಲ. ಕತ್ತರಿ-ಚೂರಿ ಇಲ್ಲದ, ಸಣ್ಣ ತೂತಿನಾಗ, ಆ ಜಾಗಾ ಅಷ್ಟ ಜೋಮು ಹಿಡಿಸಿ ಮಾಡತಾರ, ಅವತ್ತ ಮನಿಗೆ ನಡಕೊಂಡು ಬರಬಹುದು. ಮೂರು ತಿಂಗಳು ಬ್ಯಾರೆ ಕಾಳಜಿ ತಗೊಂಡು, ತಪಾಸ ಮಾಡಿಸಿದ್ರ ಮುಗೀತು. ಗಂಡಸ್ತನಕ್ಕೂ ದುಡಿಮಿಗೂ ಏನೂ ಆಗೂದಿಲ್ಲ. ನಮ್ಮ ಮನಿಯವರಿಗೆ ಇದನ್ನ ಹೇಳಿದಾಗ ಅವರು ಕೈಯಾಗಿನ ಚಹಾದ ಕಪ್ಪು ಕೆಳಗಿಟ್ಟು, “ನೋಡೋಣಂತ” ಅಂದ್ರು. ನಾ ಸೂಜಿಗೆ ಹೋಗೂ ಮುಂದ ನನಗ ಯಾರೂ ‘ನೋಡೋಣಂತ’ ಅನ್ನಾಕ ಟೈಮ್ ಕೊಟ್ಟಿರಲಿಲ್ಲ.

ಅವರನ್ನ ಪೂರಾ ಬೈಯೋದಿಲ್ಲ. ಚುಕ್ಕಿ ನನ್ನವು ಅಂತ ಗೊತ್ತಾದ ದಿವಸ ಅವರು ಮಾರಿ ಸಣ್ಣದು ಮಾಡ್ಕೊಂಡು, “ಹತ್ತೊಂಬತ್ತು ದಿವಸಾನಾ? ನನಗ್ಯಾಕ ಹೇಳಲಿಲ್ಲ?” ಅಂದ್ರು. ಎರಡನೇ ಡಾಕ್ಟರ್ ಕಡೆ ಗಾಡಿ ಮ್ಯಾಲೆ ಕರಕೊಂಡು ಹೋದವರೂ ಅವರ. ಆದ್ರ ಬ್ಯಾಡಾಗಿದ್ದ ಕೂಸು ಇಬ್ಬರಿಗೂ ಬ್ಯಾಡಾಗಿತ್ತು, ಚುಕ್ಕಿ ಎಣಿಸೋದು ಯಾಕ ಒಬ್ಬಾಕಿ ಕೆಲಸಾ ಆತು? ಗ್ಯಾಸ್ ತಾರೀಖು ನೆನಪಿಟ್ಟು ಬರಿಯಾವರಿಗೆ ಸೂಜಿ ತಾರೀಖು ಬರಿಯೋದು ಭಾರ ಅಲ್ಲ.

ಬರೇ ಬೈದು ಎದ್ದು ಹೋಗೋದು ನನಗ ಸೇರೂದಿಲ್ಲ. ಅದಕ್ಕ ನಾ ಕಲತದ್ದು ಹೇಳತೀನಿ, ನಿಮ್ಮ ಮಗಳಿಗೆ, ಸೊಸಿಗೆ, ತಂಗಿಗೆ ಹೇಳ್ರಿ.

ಸೂಜಿ ಅಷ್ಟ ಅಲ್ಲ, ಗುಳಿಗಿ, ತೋಳಿನ ಕಡ್ಡಿ, ಹಾರ್ಮೋನಿನ ಕಾಪರ್-ಟಿ ಥರದ್ದು, ಯಾವುದ ಇರಲಿ, ಮೊದಲ ಮೂರರಿಂದ ಆರು ತಿಂಗಳು ನಡುನಡುವ ಕಾಣಸೋದು ಇರತೈತಿ. ತಗೊಳ್ಳೂಕಿಂತ ಮೊದಲ ನೀವ ಬಾಯಿ ಬಿಟ್ಟು ಕೇಳ್ರಿ, “ಮುಟ್ಟು ಹೆಂಗಾಗತೈತಿ?” ಅಂತ. ದಿನಾ ನುಂಗೋ ಗುಳಿಗಿ ಇದ್ರ ಒಂದು ದಿವಸ ಮರತ್ರೂ ರಕ್ತ ಕಾಣಸಬಹುದು. ವಾಂತಿ-ಭೇದಿ ಆದ್ರ, ಟಿಬಿ ಗುಳಿಗಿ, ಫಿಟ್ಸಿನ ಕೆಲವು ಗುಳಿಗಿ ನುಂಗಾಕತ್ತಿದ್ರ, ಗರ್ಭ ತಡಿಯೋ ಗುಳಿಗಿ ಬಲಾನೂ ಕಡಿಮಿ ಆಗತೈತಿ. ಡಾಕ್ಟರಿಗೆ ಹೇಳ್ರಿ. ರಕ್ತ ಕಂಡ್ತು ಅಂತ ನಡುವ ಬಿಟ್ಟು ಬಿಡಬ್ಯಾಡ್ರಿ. ಬ್ಯಾಡ ಅನಿಸಿದ್ರ ಬಿಡ್ರಿ, ಆದ್ರ ಬದಲಿ ಏನು ಅಂತ ಗೊತ್ತು ಮಾಡ್ಕೊಂಡು ಬಿಡ್ರಿ.

ಚುಕ್ಕಿ ಹಚ್ಚರಿ. ಎಷ್ಟು ದಿವಸ, ಎಷ್ಟು ಪ್ಯಾಡು. ದವಾಖಾನ್ಯಾಗ ‘ಭಾಳ ಹೋಗಾಕತ್ತೈತ್ರಿ’ ಅಂದ್ರ ‘ಕಾಮನ್’ ಅಂತಾರ. ಕ್ಯಾಲೆಂಡರ್ ಮುಂದಿಟ್ಟು ‘ನಲವತ್ತೊಂದು’ ಅಂದ್ರ ಪೆನ್ನು ಕೈಯಾಗ ತಗೋತಾರ.

ಕೆಲವೊಂದಕ್ಕ ಕಾಯಬ್ಯಾಡ್ರಿ. ತಾಸಿಗೊಂದು ಪ್ಯಾಡು ತೊಯ್ದು ಎರಡು ತಾಸು ಹಂಗ ನಡದ್ರ, ತಲಿ ತಿರುಗಿ ಕಣ್ಣ ಕತ್ತಲಿ ಬಂದ್ರ, ಹೊಟ್ಟಿ ತಡಕೊಳ್ಳಾಕ ಆಗದಷ್ಟು ನೋವಾದ್ರ, ಜ್ವರ ಬಂದ್ರ, ವಾಸನಿ ಇದ್ರ, ಅವತ್ತ ಹೋಗ್ರಿ. ಗಂಡನ ಜೋಡಿ ಕೂಡಿದ ಮ್ಯಾಲೆ ಪ್ರತಿ ಸಲ ರಕ್ತ ಕಂಡ್ರ, ಎಷ್ಟೋ ತಿಂಗಳು ಸುಮ್ಮನಿದ್ದದ್ದು ಒಮ್ಮೆಲೆ ಶುರು ಆದ್ರ, ತೋರಸ್ಕೋರಿ. ಎಲ್ಲಾ ರಕ್ತಾನೂ ಸೂಜಿದ್ದ ಇರಬೇಕಂತ ಇಲ್ಲ. ಗರ್ಭಚೀಲದಾಗ ಗಡ್ಡಿ ಇರಬಹುದು, ಸೋಂಕು ಇರಬಹುದು, ಬಾಯಿ ಹತ್ತಿರ ಹುಣ್ಣು ಇರಬಹುದು. ಸೂಜಿ ಹೆಸರಿನ ಹಿಂದ ಬ್ಯಾರೆ ರೋಗ ಅಡಗಿ ಕುಂದ್ರಬಾರದು. ‘ಕಾಮನ್ ರೀ’ ಅನ್ನೋ ಮಾತಿನ ದೊಡ್ಡ ಅಪಾಯ ಅದ.

ಮನಿಯವರಿಗೆ ಒಂದ ಮಾತು. ನಾಕು ದಿವಸ ಇರಲಿ, ನಲವತ್ತು ಇರಲಿ, ರಕ್ತ ಎಣಿಸೋದು ಆಕಿ ತಬ್ಬೇತ್ ಸಲುವಾಗಿ ಇರಲಿ, ನಿಮ್ಮ ಜಗಲಿ ಸಲುವಾಗಿ ಬ್ಯಾಡ. ಬಿಸಿ ರೊಟ್ಟಿ, ಬೆಲ್ಲ-ಶೇಂಗಾ, ಹಸರು ಪಲ್ಯಾ ಆಕಿ ತಾಟಿನ್ಯಾಗ ಮೊದಲ ಬೀಳಲಿ. ಮೈಲಿಗಿ ಸುದ್ದಿ ಆಮ್ಯಾಲೆ ನೋಡೋಣು.

ನಾಕನೇ ಸೂಜಿ ತಗೋಬೇಕೋ ಬ್ಯಾಡೋ, ಇನ್ನೂ ಹದಿನೈದು ದಿವಸ ಐತಿ. ನಾನ ವಿಚಾರ ಮಾಡಿ ಹೇಳತೀನಿ ಅಂದೀನಿ. ಈ ಸಲ ಎಲ್ಲಾ ಗೊತ್ತಿದ್ದು ವಿಚಾರ ಮಾಡಾಕತ್ತೀನಿ, ಅಷ್ಟ ಫರಕು. ಕ್ಯಾಲೆಂಡರಿನ್ಯಾಗ ಆ ತಾರೀಖಿನ ಮನ್ಯಾಗ ಹಾಲಿನ ಲೆಕ್ಕದ ಬಾಜೂಕ ಸಣ್ಣದಾಗಿ ‘ಸೂಜಿ?’ ಅಂತ ಬರದೈತಿ. ಅಕ್ಷರ ನಂದಲ್ಲ, ನಮ್ಮ ಮನಿಯವರದು. ಅದರ ಕೆಳಗ ನಾ ಬರದೀನಿ, ‘ಅಥವಾ ನಿಮ್ಮದು?’